ಇನಿಟ್ ರಾಯರು

ಬೆಂಗಳೂರಿನ ಹಳೆಯ ಕಂಪನಿಗಳಲ್ಲಿ ಸರ್ವರ್ ರೂಮಿಗೆ ತೀರ ಹತ್ತಿರದ ಕುರ್ಚಿಯಲ್ಲಿ ಒಬ್ಬ ಇನಿಟ್ ರಾಯರು ಇದ್ದೇ ಇರುತ್ತಾರೆ. ಬಿರುಬೇಸಗೆಯಲ್ಲೂ ತೋಳಿಲ್ಲದ ಸ್ವೆಟರ್. ಎದುರಿಗೆ ಕಪ್ಪು ಪರದೆ. ಮೌಸ್ ಇದೆ, ಬಿಲ್ಲುಗಳು ಫ್ಯಾನ್ ಗಾಳಿಗೆ ಹಾರದಿರಲಿ ಎಂದು.

ರಾಯರ ಕೀರ್ತಿಗೆಲ್ಲ ಮೂಲ ಒಂದು ಶೆಲ್ ಸ್ಕ್ರಿಪ್ಟ್. ಒಂದೇ ಯಂತ್ರದಲ್ಲಿ ಐದು ಟಾಮ್‌ಕ್ಯಾಟ್ ಓಡಬೇಕು: ಪೇರೋಲಿಗೊಂದು, ರಜಾ ಅರ್ಜಿಗೊಂದು, ಟೆಸ್ಟಿಂಗಿಗೊಂದು, ಟ್ರೇನಿಂಗಿಗೊಂದು, ಮತ್ತೆ ಯಾತಕ್ಕಿದೆಯೋ ಯಾರಿಗೂ ತಿಳಿಯದ, ನಿಲ್ಲಿಸುವ ಧೈರ್ಯವೂ ಯಾರಿಗಿಲ್ಲದ ಇನ್ನೊಂದು. ಬೇರೆಯವರಾದರೆ ಸ್ಕ್ರಿಪ್ಟನ್ನು ಐದು ಸಲ ಕಾಪಿ ಹೊಡೆದು, ಮುಂದೆ ತಿದ್ದುವಾಗ ನಾಲ್ಕನ್ನು ತಿದ್ದಿ ಊಟಕ್ಕೆ ಹೋಗುತ್ತಿದ್ದರು. ರಾಯರದು ಒಂದೇ ಸ್ಕ್ರಿಪ್ಟ್, ಅದಕ್ಕೆ ಐದು ಹೆಸರಿನ ಸಿಮ್‌ಲಿಂಕ್. ಎದ್ದ ಕೂಡಲೇ ಸ್ಕ್ರಿಪ್ಟು ತನ್ನನ್ನು ಯಾವ ಹೆಸರಿನಿಂದ ಕರೆದರೆಂದು ನೋಡಿಕೊಂಡು, ಆ ಹೆಸರಿನ ಕಾನ್ಫಿಗ್ ಫೈಲ್ ಓದಿ ಕೆಲಸಕ್ಕಿಳಿಯುತ್ತದೆ. ‘ಅಪ್ಪಾ’ ಎಂದರೆ ಪಾಕೀಟಿಗೆ ಕೈಹಾಕುವ, ‘ಭಾವ’ ಎಂದರೆ ಬಿಗಿದುಕೊಳ್ಳುವ ಮನುಷ್ಯನ ಹಾಗೆ.

ಹೊಸದಾಗಿ ಸೇರಿದವರಿಗೆ ರಾಯರ ಮೊದಲ ಪಾಠ ಪೋರ್ಟಿನದು.

“ಟಾಮ್‌ಕ್ಯಾಟ್ ಎಲ್ಲಿ ಕೇಳಿಸಿಕೊಳ್ಳುತ್ತಮ್ಮಾ?”

“8080 ಸಾರ್.”

“ಅದು ಎಲ್ಲರಿಗೂ ಗೊತ್ತು. ನಿಲ್ಲು ಅನ್ನೋದನ್ನ ಕೇಳಿಸಿಕೊಳ್ಳೋದು 8005ರಲ್ಲಿ. ಎರಡನೇದಕ್ಕೆ 8080 ಬದಲಾಯಿಸಿ 8005 ಹಾಗೇ ಬಿಟ್ಟೆ ಅಂತಿಟ್ಕೋ. ಟ್ರೇನಿಂಗ್ ನಿಲ್ಲಿಸೋಕೆ ಹೋದರೆ ಪೇರೋಲ್ ಮಲಗುತ್ತೆ. ಅದೂ ತಿಂಗಳ ಕೊನೇಲಿ!”

ಎರಡನೆಯ ಪಾಠ ಪಿಐಡಿ ಫೈಲಿನದು. ಕರೆಂಟು ಹೋಗಿ ಯಂತ್ರ ದಬಕ್ಕನೆ ಆರಿದರೆ ಪ್ರೋಸೆಸ್ ಸತ್ತರೂ ಅದರ ನಂಬರು ಫೈಲಿನಲ್ಲಿ ಉಳಿದುಬಿಡಬಹುದು. ಮರಳಿ ಎದ್ದಾಗ ಅದೇ ನಂಬರು ಇನ್ಯಾರಿಗೋ ಸಿಕ್ಕಿದ್ದರೆ, ಪೆದ್ದು ಸ್ಕ್ರಿಪ್ಟು ‘ಓಡುತ್ತಿದೆ’ ಎಂದು ಹೇಳಿ ಸುಮ್ಮನಾಗುತ್ತದೆ. ‘ಸ್ಟಾಪ್’ ಎಂದರಂತೂ ಆ ಪಾಪದ ಇನ್ಯಾರನ್ನೋ ಕೊಲ್ಲುತ್ತದೆ. ರಾಯರ ಸ್ಕ್ರಿಪ್ಟು ನಂಬರು ಹಿಡಿದವನ ಹೆಸರು ವಿಚಾರಿಸದೆ ಯಾರ ಮೇಲೂ ಕೈ ಎತ್ತುವುದಿಲ್ಲ.

ಈ ಶಿಸ್ತು ಮನೆಗೂ ಹಬ್ಬಿದೆ. ಬೂಟ್ ಆಗುವಾಗ ಯಾವುದರ ಹಿಂದೆ ಯಾವುದು ಏಳಬೇಕೆಂದು ಎಸ್ ಅಕ್ಷರ, ಎರಡಂಕಿ ಸೇರಿಸಿ ಬರೆಯುವುದು ಸಿಸ್ಟಮ್ ಫೈವ್ ಇನಿಟ್ ಸಂಪ್ರದಾಯ. ಮಗಳ ಮದುವೆಯ ಪಟ್ಟಿಯನ್ನೂ ರಾಯರು ಹಾಗೇ ಬರೆದರು: ಎಸ್10 ಪುರೋಹಿತರು, ಎಸ್20 ವಾಲಗ, ಎಸ್85 ಊಟ. ನಡುವೆ ಇಷ್ಟು ಖಾಲಿ ಏಕೆಂದು ಬೀಗರು ಕೇಳಿದ್ದಕ್ಕೆ, “ಆಮೇಲೆ ನೀವು ಏನಾದರೂ ಶಾಸ್ತ್ರ ಸೇರಿಸ್ತೀರಲ್ಲ, ಅದಕ್ಕೆ” ಎಂದರು. ಛತ್ರ ಖಾಲಿ ಮಾಡುವ ಪಟ್ಟಿ ಕೆ ಅಕ್ಷರದಿಂದ ಶುರುವಾಗಿತ್ತು. ಕೆ ಎಂದರೆ ಕಿಲ್ ಎಂದು ಅವರು ಬೀಗರಿಗೆ ಹೇಳಲಿಲ್ಲ.

ರಾಯರ ವೈರಿ ಒಂದೇ: ಆ ಇನಿಟ್‌ನ ಜಾಗಕ್ಕೆ ಬಂದ ಸಿಸ್ಟಮ್‌ಡಿ. 2010ರಲ್ಲಿ ಹುಟ್ಟಿ, 2014ರಲ್ಲಿ ರೆಡ್ ಹ್ಯಾಟ್‌ನ ಏಳನೇ ಆವೃತ್ತಿಗೂ, ಮರುವರ್ಷ ಡೆಬಿಯನ್ನಿಗೂ ನುಗ್ಗಿದ್ದು. ಅದರಲ್ಲಿ ಹೆಸರಿನ ನಡುವೆ ‘@’ ಇಟ್ಟು ಒಂದು ಟೆಂಪ್ಲೇಟ್ ಬರೆದರೆ ಸಾಕು, ಎಷ್ಟು ಟಾಮ್‌ಕ್ಯಾಟ್ ಬೇಕಾದರೂ ಅದರಿಂದಲೇ ಏಳುತ್ತವೆ. ಪಿಐಡಿ ಫೈಲಿನ ರಗಳೆಯನ್ನೂ ಅದು ಬಹುಮಟ್ಟಿಗೆ ತಾನೇ ಹೊತ್ತುಕೊಳ್ಳುತ್ತದೆ. “ಇದನ್ನೇ ಅಲ್ವೇನಮ್ಮಾ ನಾನು ಸಿಮ್‌ಲಿಂಕಲ್ಲಿ ಮಾಡಿದ್ದು?” ಎಂದು ರಾಯರು ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪಿಲ್ಲ.

ಮೇಲಿನವರ ಆಜ್ಞೆಯಂತೆ ಕೊನೆಗೂ ಸಿಸ್ಟಮ್‌ಡಿ ಬಂತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹನ್ನೆರಡು ಸಾಲಿನ ಟೆಂಪ್ಲೇಟ್ ಬರೆದಳು, ಐದೂ ಟಾಮ್‌ಕ್ಯಾಟ್ ಎದ್ದು ನಿಂತವು, ಮ್ಯಾನೇಜರು ‘ಆಧುನೀಕರಣ ಸಂಪೂರ್ಣ’ ಎಂದು ಎಲ್ಲರಿಗೂ ಮೇಲ್ ಹಾಕಿದರು. ರಾಯರು ಕನ್ನಡಕ ಏರಿಸಿ ಆ ಫೈಲನ್ನು ಸಾಲುಸಾಲಾಗಿ ಓದಿದರು. ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ ಹುಡುಗಿ ಇನಿಟ್-ಡಿಯೊಳಗಿನ ಅವರ ಸ್ಕ್ರಿಪ್ಟನ್ನೇ ಕರೆದಿದ್ದಳು.

“ಹೊಸದು ಪರವಾಗಿಲ್ಲ ಕಣಮ್ಮಾ,” ಎಂದರು ರಾಯರು, “ಕೆಲಸ ಗೊತ್ತಿರೋರನ್ನ ಕೇಳಿ ಮಾಡುತ್ತೆ.”