ಮಕಾರತ್ರಯ ಪ್ರಕ್ಷಾಲನ ಮೀಮಾಂಸೆ

ವಾಷಿಂಗ್ ಮಿಷನ್ನಿಗೆ ಬಟ್ಟೆಯನ್ನು ಮೇಲಿನಿಂದ ಹಾಕಬೇಕೋ, ಮುಂದಿನಿಂದ ತುರುಕಬೇಕೋ ಎಂಬ ವಿವಾದ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮಕಾರತ್ರಯದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಂಗಡಿಯವರು ಇದನ್ನು ಬೆಲೆಯ ಪ್ರಶ್ನೆ ಎನ್ನುತ್ತಾರೆ. ಪಾಪ, ಅವರಿಗೆ ಶಾಸ್ತ್ರ ಗೊತ್ತಿಲ್ಲ. ಇದು ಮೊದಲಿಗೆ ಕೊಳೆಯ ಪ್ರಶ್ನೆ. ಕೊಳೆಯಾದರೋ ಊರಿಗೊಂದು ಥರ.

ಮಂಡ್ಯದ ಕೊಳೆ ಸಿಹಿ. 1933ರಲ್ಲೇ ಮೈಸೂರು ಸಕ್ಕರೆ ಕಂಪನಿ ಕಂಡ ಊರು. ಆಲೆಮನೆಯ ಕೊಪ್ಪರಿಗೆ ಬಳಿ ನಿಂತವನ ತೋಳಿಗೆ ಪಾಕ ಸಿಡಿಯದೆ ಇರುತ್ತದೆಯೇ? ಆದರೆ ಸಕ್ಕರೆ ನೀರು ಕಂಡರೆ ತಾನೇ ಕರಗುವ ಸಾಧು ಜೀವಿ. ಆದ್ದರಿಂದ ಮಂಡ್ಯದ ಕೊಳೆ ಈ ವಾದದಲ್ಲಿ ತಟಸ್ಥ. ಮದ್ದೂರಿನದು ವಡೆಯ ಜಿಡ್ಡು. ಅದು ತಣ್ಣೀರಿಗೆ ಜಗ್ಗುವುದಿಲ್ಲ, ಬಿಸಿ ಮುಟ್ಟಿಸಬೇಕು. ಫ್ರಂಟ್ ಲೋಡಿನ ಹೊಟ್ಟೆಯಲ್ಲಿ ಹೀಟರ್ ಇರುವುದು ಮದ್ದೂರಿಗಾಗಿಯೇ ಎಂಬುದು ಒಂದು ಪಕ್ಷ. (ಹೀಟರ್ ಇರುವ ಟಾಪ್ ಲೋಡೂ ಉಂಟಲ್ಲ ಎಂಬ ತಕರಾರನ್ನು ಅಡಿಟಿಪ್ಪಣಿಗೆ ತಳ್ಳಲಾಗಿದೆ. ಈ ಪ್ರಬಂಧಕ್ಕೆ ಅಡಿಟಿಪ್ಪಣಿ ಇಲ್ಲ.) 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ, ಕಾರುಗಳು ಮದ್ದೂರನ್ನು ಬೈಪಾಸಿನಲ್ಲೇ ದಾಟತೊಡಗಿದ ಮೇಲೆ ಬೆಂಗಳೂರಿನವರ ಅಂಗಿಯಲ್ಲಿ ಜಿಡ್ಡು ಎಷ್ಟು ಇಳಿಯಿತು ಎಂಬುದು ಪಿಎಚ್.ಡಿ.ಗೆ ಒಳ್ಳೆಯ ವಸ್ತು. ಇನ್ನು ಮಳವಳ್ಳಿಯದು ಗದ್ದೆಯ ಕೆಸರು. ಅದಕ್ಕೆ ಬೇಕಾದದ್ದು ಧಾರಾಳ ನೀರು. ಬಟ್ಟೆ ಪೂರ್ತಿ ಮುಳುಗಿ ಈಜಾಡಬೇಕು. ಈ ಭಾಗ್ಯ ಟಾಪ್ ಲೋಡಿನಲ್ಲಿ ಮಾತ್ರ ಲಭ್ಯ. ಫ್ರಂಟ್ ಲೋಡಿನಲ್ಲಿ ಬಟ್ಟೆ ಮೇಲೇರಿ, ದೊಪ್ಪನೆ ಬಿದ್ದು, ಮತ್ತೆ ಮೇಲೇರುತ್ತದೆ.

ನೀರೆಂದ ಕೂಡಲೇ ಈ ಜಿಲ್ಲೆಯವನು ಕೂತಲ್ಲಿಂದ ಏಳುತ್ತಾನೆ. ಏಳಲಿ, ಲೆಕ್ಕ ಇಲ್ಲಿದೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಸುಮಾರು 49.45 ಟಿಎಂಸಿ, ಟಿಎಂಸಿಗೆ 2,832 ಕೋಟಿ ಲೀಟರು. ಟಾಪ್ ಲೋಡ್ ಒಂದು ಸಲಕ್ಕೆ 120 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ತುಂಬಿದ ಕಟ್ಟೆಯಲ್ಲಿ ಸುಮಾರು 1,167 ಕೋಟಿ ಸಲ ಒಗೆಯಬಹುದು. ಅದರ ಅರ್ಧ ನೀರಿನಲ್ಲಿ ಮುಗಿಸುವ ಫ್ರಂಟ್ ಲೋಡಿನಲ್ಲಿ 2,334 ಕೋಟಿ ಸಲ. ಆಮೇಲೆ ಭತ್ತಕ್ಕೇನು ಗತಿ ಎಂದು ಕೇಳಬಾರದು. ಇದು ಶುದ್ಧ ಗಣಿತ. ಇನ್ನೊಂದು ಸೂಕ್ಷ್ಮ: ಕಾವೇರಿ ನ್ಯಾಯಮಂಡಳಿಯ ಲೆಕ್ಕದಲ್ಲಿ ಮನೆಬಳಕೆಯ ನೀರಿನ ಶೇ. 20 ಮಾತ್ರ ನಿಜವಾದ ಖರ್ಚು, ಮಿಕ್ಕಿದ್ದು ಹೊಳೆಗೆ ಮರಳುತ್ತದೆ. ಅಂದರೆ ಟಾಪ್ ಲೋಡಿನ 120ರಲ್ಲಿ 96 ಲೀಟರು ವಾಪಸು ಹೋಗಬೇಕು. ಮಳವಳ್ಳಿಯ ಹಿತ್ತಲಿನಲ್ಲಿ ಅದು ಪೈಪಿನಿಂದ ನೇರ ತೆಂಗಿನ ಬುಡಕ್ಕೆ ಹೋಗುತ್ತದೆ. ಈ ಬಗ್ಗೆ ನೆರೆರಾಜ್ಯ ಇನ್ನೂ ದಾವೆ ಹೂಡಿಲ್ಲ.

ಉಳಿತಾಯದಲ್ಲಿ ಗೆದ್ದ ಫ್ರಂಟ್ ಲೋಡ್ ಮರ್ಯಾದೆಯಲ್ಲಿ ಸೋಲುತ್ತದೆ. ನಲ್ಲಿಯಲ್ಲಿ ನೀರು ರಭಸವಾಗಿ ಬಾರದಿದ್ದರೆ ಮುನಿಸಿಕೊಂಡು ಕೀಂಕೀಂ ಎನ್ನುತ್ತದೆ. ಟಾಪ್ ಲೋಡಿಗೆ ಆ ಬಿಗುಮಾನವಿಲ್ಲ. ಬಿಂದಿಗೆಯಲ್ಲಿ ಹೊತ್ತು ತಂದು ಸುರಿದರೂ ಸೈ. ತೂಕದಲ್ಲಂತೂ ಹೋಲಿಕೆಯೇ ಬೇಡ. ಅಮೆರಿಕದಲ್ಲಿ 1937ರಲ್ಲಿ ಬೆಂಡಿಕ್ಸ್ ಕಂಪನಿ ತಂದ ಮೊದಲ ಆಟೊಮ್ಯಾಟಿಕ್ ಮಿಷನ್ ಫ್ರಂಟ್ ಲೋಡೇ. ಕುಣಿದು ಓಡೀತೆಂದು ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ಈಗ ಅದರೊಳಗೇ ಕಾಂಕ್ರೀಟ್ ದಿಮ್ಮಿ ಇಟ್ಟಿರುತ್ತಾರೆ. ಕಾವೇರಿಯನ್ನೇ ತಡೆದ ಕನ್ನಂಬಾಡಿ ಕಟ್ಟೆ ಸುರ್ಕಿ ಗಾರೆಯಲ್ಲೇ ನಿಂತಿತು. ನಾಲ್ಕು ಚಡ್ಡಿ ಒಗೆಯಲು ಕಾಂಕ್ರೀಟ್ ಬೇಕಾಯಿತು!

ಇನ್ನು ಮೋಕ್ಷವಿಚಾರ. ಬಟ್ಟೆ ಸುತ್ತುತ್ತಿರುವಾಗ ಕರೆಂಟು ಹೋಯಿತೆನ್ನಿ. (ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ ತಾಲ್ಲೂಕು ತಮ್ಮದು ಎಂಬುದು ಮಳವಳ್ಳಿಯವರಿಗೆ ನೆನಪಾಗುವುದು ಇಂಥ ಹೊತ್ತಿನಲ್ಲೇ.) ಟಾಪ್ ಲೋಡಿನ ಮುಚ್ಚಳ ಎತ್ತಿ ಬಟ್ಟೆ ಹಿಂಡಿ ಹರವಬಹುದು, ಇನ್ನೊಂದು ಬನಿಯನ್ ಸಿಕ್ಕಿದರೆ ನಡುವೆಯೇ ಎಸೆಯಲೂಬಹುದು. ಫ್ರಂಟ್ ಲೋಡಿನ ಬಾಗಿಲು ಬಿಗಿದದ್ದು ಬಿಗಿದಂತೆ. ಗಾಜಿನಾಚೆ ಅಂಗಿ ಕಾಣುತ್ತದೆ, ಕೈಗೆ ಸಿಗದು. ಇದನ್ನು ಬಿಡಿಸಿ ಹೇಳಲು ಮೇಲುಕೋಟೆಗೇ ಹೋಗಬೇಕು. ಕೋತಿಮರಿ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕೆಂಬುದು ವಡಗಲೆಯ ಮತ. ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿ ಒಯ್ಯುತ್ತದೆಂಬುದು ತೆಂಗಲೆಯದು. ಟಾಪ್ ಲೋಡಿನವನು ವಡಗಲೆ, ಕೊನೆಯತನಕ ಕೈಯಾಡಿಸುತ್ತಲೇ ಇರುತ್ತಾನೆ. ಫ್ರಂಟ್ ಲೋಡಿನವನದು ಸಂಪೂರ್ಣ ಶರಣಾಗತಿ. ಸೆಮಿ ಆಟೊಮ್ಯಾಟಿಕ್ ಇಟ್ಟುಕೊಂಡವರು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬಟ್ಟೆ ಹೊರುವ ಕರ್ಮಯೋಗಿಗಳು. ಸಂಖ್ಯೆಯಲ್ಲಿ ಎಷ್ಟಿದ್ದರೂ ದರ್ಶನದಲ್ಲಿ ಅವರಿಗೆ ಜಾಗವಿಲ್ಲ.

ಇಷ್ಟೆಲ್ಲ ಮಂಡಿಸಿದ ಮೇಲೆ ಅಡುಗೆಮನೆಯಿಂದ ಒಂದು ಆಕ್ಷೇಪ ಬರುತ್ತದೆ: “ಮಿಸನ್ನು ಗರಗರ ಸುತ್ತಿಸ್ತದೆ ಕಣ್ ಮಗ, ಕತ್ತುಪಟ್ಟಿ ಉಜ್ಜೋರ್ಯಾರು?” ಇದಕ್ಕೆ ಎರಡೂ ಪಕ್ಷಗಳಲ್ಲಿ ಉತ್ತರವಿಲ್ಲ. ಬಿಳಿ ಅಂಗಿ, ಬಿಳಿ ಪಂಚೆಯೇ ರಾಜಕಾರಣದ ಸಮವಸ್ತ್ರವಾದ ಈ ಸೀಮೆಯಲ್ಲಿ ಕತ್ತುಪಟ್ಟಿಗೆ ಮೊದಲು ಸೋಪು ಹಚ್ಚಿ ಬ್ರಷ್ಷಿನಲ್ಲಿ ತಿಕ್ಕದೆ ಯಾವ ಮಿಷನ್ನಿಗೂ ಹಾಕುವಂತಿಲ್ಲ. ತಿಕ್ಕಲು ಒಗೆಯುವ ಕಲ್ಲು ಬೇಕು. ಆ ಕಲ್ಲನ್ನು ಕಿತ್ತು, ಅದೇ ಜಾಗದಲ್ಲಲ್ಲವೇ ಮಿಷನ್ ಕೂರಿಸಿರುವುದು?

ಆದಕಾರಣ ಸಿದ್ಧಾಂತ: ಟಾಪ್ ಲೋಡಿನ ನೆತ್ತಿಯೇ ಮುಚ್ಚಳ, ಅದರ ಮೇಲೆ ತಿಕ್ಕಿದರೆ ಲಟಕ್ಕೆನ್ನುತ್ತದೆ. ಫ್ರಂಟ್ ಲೋಡಿನ ನೆತ್ತಿ ಚಪ್ಪಟೆ, ಎತ್ತರ ಸೊಂಟಮಟ್ಟ, ಕೆಳಗೆ ಕಾಂಕ್ರೀಟಿನ ಭಾರವಿರುವುದರಿಂದ ಎಷ್ಟು ಉಜ್ಜಿದರೂ ಅಲ್ಲಾಡದು. ಒಗೆಯುವ ಕಲ್ಲಾಗಿ ಫ್ರಂಟ್ ಲೋಡೇ ಶ್ರೇಷ್ಠ.