ಗೋಡೆ ಉಂಡವರು

ಬೆಂಗಳೂರಿನ ಅಳಿಯನ ಫ್ಲ್ಯಾಟಿನಲ್ಲಿ ದೀಪಕ್ಕೆ ಸ್ವಿಚ್ಚಿಲ್ಲ. ಮನುಷ್ಯ ಅಲುಗಾಡಿದರೆ ಹೊತ್ತಿಕೊಳ್ಳುತ್ತದೆ, ಸುಮ್ಮನೆ ಕೂತರೆ ಆರಿಹೋಗುತ್ತದೆ. ಓದುತ್ತ ಕೂತವನು ಅದರ ಲೆಕ್ಕದಲ್ಲಿ ಮನೆಯಲ್ಲೇ ಇಲ್ಲ. ಪುಟಕ್ಕೊಮ್ಮೆ ಕೈಯೆತ್ತಿ, ಹಾಜರಿ ಹೇಳುವ ಹುಡುಗನ ಹಾಗೆ, ಇದ್ದೇನಪ್ಪಾ ಎಂದು ತಿಳಿಸಬೇಕಾಯಿತು.

ಹಾಗೆ ಕೈಯೆತ್ತಿ ಇಳಿಸಿ ಓದಿದ್ದು ಸೆಡ್ರಿಕ್ ಪ್ರೈಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯ ಕಥೆ. 1960ರ ದಶಕದ ಆರಂಭದಲ್ಲಿ ಆತ ರಂಗನಿರ್ದೇಶಕಿ ಜೋನ್ ಲಿಟಲ್‌ವುಡ್ ಜೊತೆ ಸೇರಿ ‘ಫನ್ ಪ್ಯಾಲೇಸ್’ ಎಂಬ ಅರಮನೆಯ ನಕ್ಷೆ ಬರೆದ. ಬಂದವರ ಮರ್ಜಿಗೆ ತಕ್ಕಂತೆ ಅದರ ಗೋಡೆ, ನೆಲ, ಮೆಟ್ಟಿಲುಗಳನ್ನು ಕ್ರೇನು ಎತ್ತಿಡಬೇಕು. ಅದನ್ನು ಯಾರೂ ಕಟ್ಟಲಿಲ್ಲ. 1976ರಲ್ಲಿ ಫ್ಲಾರಿಡಾದ ವೈಟ್ ಓಕ್ ಎಂಬಲ್ಲಿಗೆ ‘ಜನರೇಟರ್’ ಎಂಬ ಕಟ್ಟಡ ಯೋಚಿಸಿದ. 12 ಅಡಿಯ ಚೌಕ ಕೋಣೆಗಳು, ಬೇಕಾದ ಹಾಗೆ ಕೂಡಿಸಿ ಬಿಡಿಸುವಂಥವು. ಜಾನ್ ಮತ್ತು ಜೂಲಿಯಾ ಫ್ರೇಜರ್ ಅದಕ್ಕೊಂದು ಕಂಪ್ಯೂಟರ್ ಪ್ರೋಗ್ರಾಮ್ ರೂಪಿಸಿದರು. ಬಹಳ ದಿನ ಯಾರೂ ಏನೂ ಬದಲಿಸದಿದ್ದರೆ ಕಟ್ಟಡಕ್ಕೇ ಬೇಸರ ಬಂದು ತಾನೇ ಹೊಸ ಜೋಡಣೆ ಸೂಚಿಸುತ್ತದೆ! ಇದನ್ನು ಮಾಡಿಸಹೊರಟ ಹೋವರ್ಡ್ ಗಿಲ್‌ಮನ್ ಕಾಗದದ ಕಂಪನಿಯ ಧಣಿ. ಇದೂ ಕಾಗದದಲ್ಲೇ ಉಳಿಯಿತು.

ಕಾಗದ ಎಂದೊಡನೆ ನನ್ನ ತಲೆ ದಾಂಡೇಲಿಗೆ ಓಡುತ್ತದೆ. ನಮ್ಮ ಕಡೆಯ ಬಿದಿರು ಕಾಗದವಾಗಲು ಹೋಗುತ್ತಿದ್ದುದೇ ಅಲ್ಲಿಗೆ. ದಾಂಡೇಲಿಯಿಂದ ನಮ್ಮೂರು ಸಾಂಬ್ರಾಣಿಗೆ ಬರಲು ಮನಸ್ಸಿಗೆ ಬಸ್ಸು ಬೇಕಿಲ್ಲ.

ಅಲ್ಲಿನ ನಮ್ಮ ಹೆಂಚಿನ ಮನೆಯ ಪಡಸಾಲೆ ಸುಗ್ಗಿ ಮುಗಿದೊಡನೆ ಎರಡಾಗುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಭತ್ತದ ಚೀಲಗಳನ್ನು ತೊಲೆ ಮುಟ್ಟುವ ತನಕ ಒಟ್ಟುತ್ತಿದ್ದರು. ಈಚೆ ನಾವೆಲ್ಲ, ಆಚೆ ಹೊಸದಾಗಿ ಮದುವೆಯಾದ ಕಾಕಾ-ಕಾಕಿ. ಚೀಲ ಒಂದೊಂದಾಗಿ ಗಿರಣಿಗೆ ಹೋದಂತೆ ಗೋಡೆ ಇಳಿಯುತ್ತಿತ್ತು. ಯುಗಾದಿಗೆ ಆಚೆ ನಿಂತ ಕಾಕಾನ ರುಮಾಲು ಕಾಣುತ್ತಿತ್ತು. ಜಾತ್ರೆಗೆ ಬಂದ ನೆಂಟರು ನಾಲ್ಕು ದಿನ ಹೆಚ್ಚು ಉಳಿದರೆ ಮೀಸೆಯೂ. ಮನೆಯಲ್ಲಿ ಎಷ್ಟು ಜನ, ಯಾರ ಹಸಿವೆಷ್ಟು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ತಿಳಿದ ಸೆನ್ಸರನ್ನು ಅಳಿಯನ ಫ್ಲ್ಯಾಟಿನಲ್ಲಿ ನಾನು ಕಾಣಲಿಲ್ಲ.

“ಸಾವಕಾಶ ಉಣ್ರೋ, ಗ್ವಾಡಿ ಬೀಳತೈತಿ” ಎಂದು ಅಜ್ಜ ಪಂಕ್ತಿಯಲ್ಲಿ ಗದರುತ್ತಿದ್ದ. ನಾವು ನಕ್ಕು ಮತ್ತಷ್ಟು ಬಡಿಸಿಕೊಳ್ಳುತ್ತಿದ್ದೆವು. ಕಾಕಾ ಮಾತ್ರ ನಗದೆ, ಅನ್ನದ ಪಾತ್ರೆಯನ್ನು ಅತ್ತ ಸರಿಸಿ, ಇನ್ನೊಂದು ರೊಟ್ಟಿಗೆ ಕೈಚಾಚುತ್ತಿದ್ದ. ಆ ರೊಟ್ಟಿಯ ಅರ್ಥ ನನಗೆ ತಿಳಿದದ್ದು ನನ್ನ ಮದುವೆಯಾದ ಮೇಲೆ.

ಈಗ ಕಾಕಾ ಇಲ್ಲ. ಭತ್ತವೂ ಕಣದಿಂದಲೇ ಮಾರಾಟಕ್ಕೆ ಹೋಗುತ್ತದೆ. ಪಡಸಾಲೆ ವರ್ಷವಿಡೀ ಬಯಲು. ಹೋದ ಸಂಕ್ರಾಂತಿಗೆ ಅಲ್ಲೇ ಮಲಗಿದ್ದೆ. ನಡುರಾತ್ರಿ ನೀರಿಗೆಂದು ಎದ್ದ ಕಾಕಿ, ಇಲ್ಲದ ಗೋಡೆಗೆ ಪೂರಾ ಒಂದು ಸುತ್ತು ಹಾಕಿಕೊಂಡು ಒಳಗೆ ಹೋದಳು. ಮಿರಗದ ಮಳೆ ಹಿಡಿದಾಗ ಮತ್ತೆ ಹೋಗಿದ್ದೆ. ಆಗ ಸುತ್ತಲಿಲ್ಲ, ಸೀರೆಯ ನಿರಿಗೆ ತುಸು ಎತ್ತಿಕೊಂಡು ದಾಟಿದಳು.