ಸಿಂಹಿಣಿ ಬೇಡ, ಲೆಕ್ಕದವಳು ಬರಲಿ

ಹೆಣ್ಣಿನ ಸ್ವಾತಂತ್ರ್ಯದ ಮೇಲೆ ಪಾಪ್ ಹಾಡು ಬರೀರಿ ಎಂದರೆ ನಮ್ಮ ಹೊಸಪೇಟೆಯ ಕವಿಗಳಿಗೆ ಮೊದಲು ಹೊಳೆಯುವುದು ಸಿಂಹಿಣಿ, ಆಮೇಲೆ ಬೆಂಕಿ, ಕೊನೆಗೆ ಬಿರುಗಾಳಿ. ಇವು ಮೂರೂ ಬೇಡವೆಂದರೆ ಪೆನ್ನು ಜೇಬಿಗೆ ಹೋಗುತ್ತದೆ.

ಬೇರೆ ಪ್ರತಿಮೆ ಬೇಕೆಂದರೆ ಹಂಪಿ ಏನು ದೂರವೇ? ಮಹಾನವಮಿ ದಿಬ್ಬದ ಕಲ್ಲಲ್ಲಿ ಹೆಂಗಸರು ಬೇಟೆಯಾಡುತ್ತಿದ್ದಾರೆ. 16ನೇ ಶತಮಾನದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಅರಮನೆಯಲ್ಲಿ ಕುಸ್ತಿ ಹಿಡಿಯುವ ಹೆಂಗಸರಿದ್ದರು, ಒಳಗಿನ ಖರ್ಚಿನ ಲೆಕ್ಕ ಬರೆಯುವವರೂ ಹೆಂಗಸರೇ ಎಂದು ಬರೆದಿಟ್ಟಿದ್ದಾನೆ. ಕುಸ್ತಿಯವಳಿಂದ ಓಡಿ ತಪ್ಪಿಸಿಕೊಳ್ಳಬಹುದು. ಲೆಕ್ಕದವಳಿಂದ ಯಾವ ರಾಯನೂ ತಪ್ಪಿಸಿಕೊಂಡಿರಲಾರ. (ನಮ್ಮ ಮನೆಯ ಅನುಭವವೂ ಅದೇ.) ನನ್ನ ಹಾಡಿನ ಪಲ್ಲವಿ ಆ ಲೆಕ್ಕದವಳಿಗೇ ಮೀಸಲು.

ಚರಣಕ್ಕೆ ಸಂಡೂರಿನ ಲಂಬಾಣಿ ಕಸೂತಿ. ಕನ್ನಡಿ, ಕವಡೆ ಹೊಲಿದು ತಾವೇ ದುಡಿಯುವ ಆ ಕೈಗಳ ಕಲೆಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಕಂಪ್ಲಿ ಗದ್ದೆಯಲ್ಲಿ ನಾಟಿ ಹಚ್ಚುವವರಿಗೂ ಒಂದು ಸಾಲು.

ಇಷ್ಟು ಓದಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ಎಲ್ಲಾ ಚೊಲೋ ಐತ್ರೀ ಸರ್, ಬೀಟ್ ಎಲ್ಲಿ?"

ಮರಿಯಮ್ಮನಹಳ್ಳಿಯ ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗೇ ಸೆರಗಿನಿಂದ ದೃಷ್ಟಿ ತೆಗೆದವರು. ಅವರ ಊರಲ್ಲಿ ಚೌಡಿಕೆ ವಾದ್ಯ ಇರುವಾಗ ಬೀಟಿಗೆ ಬರವೇ?

"ಹಂಗಾರ ಸಿಂಹಿಣಿನ್ನ ವಿಡಿಯೋದಾಗ ಹಾಕೂಣ್ರೀ" ಎಂದಳು.